ಎಡಗಿವಿಗೆ ಕೇಳಿಸದ ಸದ್ದು

ಮೆಕ್ಯಾನಿಕ್ಕನ ಅಕ್ಕನ ಗಂಡ ಬಾಯಿಗಿಂತ ಮೊದಲು ಕೈ ಓಡಿಸುವ ಆಸಾಮಿ. ಡೀಸೆಲ್ ಪಿಕಪ್ಪನ್ನು ಗ್ಯಾರೇಜಿಗೆ ನುಗ್ಗಿಸಿದವನೇ ಇಳಿದು ಮೆಕ್ಯಾನಿಕ್ಕನ ಕೊರಳಪಟ್ಟಿ ಹಿಡಿದ. "ಎಂಜಿನ್ ಕಟಕಟ ಅಂತಿದೆ. ಏನೂಂತ ಈಗ್ಲೇ ಹೇಳು, ಇಲ್ಲಾಂದ್ರೆ ನಿಮ್ಮಕ್ಕನ ಇನ್ನೊಂದು ಕೈನೂ ಮುರೀತೀನಿ."

ಅಕ್ಕನ ಒಂದು ಕೈ ಆಗಲೇ ಪ್ಲಾಸ್ಟರಿನಲ್ಲಿತ್ತು. ಹೋದ ವರ್ಷ ಅವಳನ್ನು ಬಿಡಿಸಲು ಹೋದ ಈ ಮೆಕ್ಯಾನಿಕ್ ತಮ್ಮನಿಗೂ ಈ ಭಾವ ಬಾರಿಸಿದ್ದ. ಎಡಗಿವಿಯಿಂದ ರಕ್ತ ಸುರಿದು, ಅದು ಅಂದೇ ಕಿವುಡಾಗಿತ್ತು.

ಮೆಕ್ಯಾನಿಕ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿದ್ದ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಬಲಗಿವಿಗೆ ಆನಿಸಿದ. ಬೇರಿಂಗ್ ಸವೆದು, ಪಿಸ್ಟನ್ನಿನ ರಾಡು ಸುತ್ತಿಗೆಯಂತೆ ಬಡಿಯುತ್ತಿತ್ತು. ಇನ್ನೊಂದು ಇಳಿಜಾರನ್ನೂ ಅದು ತಾಳುವಂತಿರಲಿಲ್ಲ. ಅವನು ಹಿಡಿಯನ್ನು ಮೆಲ್ಲಗೆ ಎಡಗಿವಿಗೆ ಬದಲಿಸಿದ.

"ಏನೂ ಕೇಳಿಸ್ತಿಲ್ಲ, ಭಾವ."

"ಅಷ್ಟು ಬೊಗಳೋಕೆ ಇಷ್ಟು ಹೊತ್ತಾ?" ಭಾವ ಅವನ ಹೊಟ್ಟೆಗೆ ಒದ್ದು ಗಾಡಿ ಹತ್ತಿದ.

ಇಳಿಜಾರಿನಲ್ಲಿ ರಾಡು ತುಂಡಾಗಿ, ಎಂಜಿನ್ನನ್ನು ಸೀಳಿಕೊಂಡು ಹೊರಬಂತು. ಹಿಡಿತ ತಪ್ಪಿ ಗೋಡೆಗೆ ಅಪ್ಪಳಿಸಿದ ಗಾಡಿಯೊಳಗೆ ಭಾವನ ಬಲಗೈ ನಜ್ಜುಗುಜ್ಜಾಯಿತು.

ಆಸ್ಪತ್ರೆಯಲ್ಲಿ ಅಕ್ಕ ಕೇಳಿದಳು, "ಅಷ್ಟು ದೊಡ್ಡ ಸದ್ದು ನಿಂಗೆ ಕೇಳಿಸ್ಲೇ ಇಲ್ವೇನೋ?"

"ಭಾವ ಹೊಡೆದ ಕಿವೀಲಿ ಕೇಳ್ದೆ ಕಣಕ್ಕ."