ಮಧು ಕೊಟ್ಟ ಕಲ್ಲು

ಆ ಕಲ್ಲನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಚಳಿಗಾಲದಿಂದ ನಮ್ಮ ಪಡಸಾಲೆಯ ಮೇಜಿನ ಮೇಲೆ ಮನೆಯ ಹಿರಿಯನ ಹಾಗೆ ಕೂತುಬಿಟ್ಟಿತ್ತು. ಮೊಳದುದ್ದದ ಮರಳುಗಲ್ಲು, ಅದರ ಮಗ್ಗುಲಲ್ಲಿ ಒಂದರೊಳಗೊಂದು ಸೇರಿದ ಬಾಣದ ಮೊನೆಗಳಂಥ ಗೆರೆಗಳು. ನನ್ನ ಗಂಡ ವಿಜಯಮಹಾಂತೇಶ ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುವವರು. ಸಂಜೆ ರೈಲಿಳಿದು ಮನೆಗೆ ಬಂದರೆ ಚಹಾ ಆರಿ ತಣ್ಣಗಾದರೂ ಕಲ್ಲಿನ ಮುಂದಿನಿಂದ ಏಳುತ್ತಿರಲಿಲ್ಲ.

"ಅದನ್ನೇನ್ ಪೂಜಾ ಮಾಡ್ತೀರೇನು? ಒಯ್ದು ಹೊಳ್ಯಾಗ ಒಗೀರಿ," ಎಂದು ಎಷ್ಟೋ ಸಲ ಕೂಗಾಡಿದ್ದೆ.

"ಮಧು ಕೊಟ್ಟಿದ್ದು, ನಿರ್ಮಲಾ," ಎನ್ನುತ್ತಿದ್ದರು.

ಮಧು ಅವರ ವಿದ್ಯಾರ್ಥಿ, ನಮ್ಮ ಬ್ಯಾಡಗಿಯ ಹುಡುಗ. 2005ರ ಡಿಸೆಂಬರಿನಲ್ಲಿ ಇವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಕುಮಟೆಯಾಚೆಯ ಕಡಲ ದಂಡೆಗೆ ಪ್ರವಾಸ ಹೋಗಿದ್ದರು. ಬಂಡೆಗಳ ಸಂದಿಯಲ್ಲಿ ಸಿಕ್ಕ ಈ ಕಲ್ಲನ್ನು ಮಧು ತಂದು ಇವರ ಕೈಗಿಟ್ಟು, "ಸರ, ಇದೇನ್ರೀ ಇದು? ಪುಸ್ತಕದಾಗ ಇಂಥಾದು ಇಲ್ಲಲ್ರೀ. ಇನ್ನೊಂದು ಐತೇನು ನೋಡ್ತೇನಿ," ಎಂದು ತಿರುಗಿ ಹೋದನಂತೆ. ಇವರು ಕಲ್ಲಿನ ಮೇಲೆ ಬಾಗಿದವರು ತಲೆ ಎತ್ತುವಷ್ಟರಲ್ಲಿ ತೆರೆ ಅವನನ್ನು ಎಳೆದುಕೊಂಡಿತ್ತು. ಮೀನುಗಾರರು ದೋಣಿ ಹಾಕಿ ಹುಡುಕಿದರು, ಪೊಲೀಸರು ಹುಡುಕಿದರು. ಹೆಣವೂ ಸಿಗಲಿಲ್ಲ.

ಅಂದಿನಿಂದ ಇವರಿಗೆ ಒಂದೇ ಹುಚ್ಚು. "ಇದು ಜಾಡಿನ ಪಳೆಯುಳಿಕೆ. ಪ್ರಾಣಿ ಮೈ ಇರೂದಿಲ್ಲ, ಅದು ಓಡಾಡಿದ್ದ ಗುರುತಷ್ಟ ಕಲ್ಲಾಗಿರ್ತದ. ಇದು ಏನ್ ಮಾಡಾಕತ್ತಿತ್ತು ಅನ್ನೋದ ತಿಳೀವಲ್ತು. ತಿಳಿದ್ರ ಪುಣೆದಾಗಿನ ಪಳೆಯುಳಿಕೆ ಸಂಗ್ರಹಾಲಯಕ್ಕ ಕಳಸ್ತೇನಿ, ಮಧುನ ಹೆಸರಾದ್ರೂ ಉಳೀಲಿ," ಎನ್ನುತ್ತಿದ್ದರು. ಹೆಸರು ತೊಗೊಂಡು ಹೆತ್ತವಳು ಏನು ಮಾಡಬೇಕು ಎಂದು ನಾನು ಸಿಡುಕುತ್ತಿದ್ದೆ.

ಮಧುವಿನ ಅಪ್ಪ ಕೊಟ್ರಪ್ಪ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲ. ಮಾರ್ಚ್ ತಿಂಗಳ ಒಂದು ಸೋಮವಾರ ಇವರು ಕಾಲೇಜಿಗೆ ರಜೆ ಹಾಕಿ, ಅವನ ಕೈ ಹಿಡಿದು ಕ್ಷಮೆ ಕೇಳಬೇಕೆಂದು ಪೇಟೆಗೆ ಹೋದರು. ಕೊಟ್ರಪ್ಪ ಆಳೆತ್ತರದ ಚೀಲದೊಳಗೆ ಇಳಿದು ಕಾಯಿ ತುಳಿಯುತ್ತಿದ್ದ. ಘಾಟಿಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದ. ಇವರು ದೂರ ನಿಂತು ಬಹಳ ಹೊತ್ತು ನೋಡಿದರು, ಮಾತಾಡಲು ಧೈರ್ಯ ಸಾಲದೆ ಹಾಗೆಯೇ ಮನೆಗೆ ಬಂದರು. ಬಂದವರೇ, ಇಷ್ಟು ದಿನ ಅಡ್ಡ ಮಲಗಿಸಿಟ್ಟಿದ್ದ ಕಲ್ಲನ್ನು ಎತ್ತಿ ನೆಟ್ಟಗೆ ನಿಲ್ಲಿಸಿದರು. ಆಮೇಲೆ ತಲೆ ಹಿಡಿದುಕೊಂಡು ಕೂತುಬಿಟ್ಟರು.

ಸಂಜೆ ಕೊಟ್ರಪ್ಪ ತಾನಾಗಿಯೇ ಹೆಂಡತಿ ಗದಿಗೆವ್ವನ ಜೊತೆ ಬಾಗಿಲಿಗೆ ಬಂದ. ಬಯ್ಯಲಿಕ್ಕೇ ಬಂದಿದ್ದಾರೆ, ಬಯ್ಯಲಿ ಎಂದುಕೊಂಡೆ.

"ಬರ್ರಿ, ಕುಂದ್ರಿ," ಎಂದೆ.

ಗದಿಗೆವ್ವ ಕೂರಲಿಲ್ಲ. "ಸರ, ಒಂದು ಬೇಡಾಕ ಬಂದೇವ್ರಿ. ಹುಡುಗನ್ನ ಮಣ್ಣು ಮಾಡೋ ಭಾಗ್ಯನೂ ನಮಗ ಸಿಗಲಿಲ್ಲ. ಹೊಲದಾಗ ಕುಣಿ ತೋಡಿಸೇವಿ. ಅವನ ಕೈ ಕಡೀಕ ಮುಟ್ಟಿದ್ದು ಆ ಕಲ್ಲಂತ. ಅದನ್ನ ಕೊಟ್ರ ವಿಭೂತಿ ಹಚ್ಚಿ, ಪತ್ರಿ ಏರಿಸಿ ಮಣ್ಣಾಗ ಇಡ್ತೇವ್ರಿ. ಮಠದ ಅಯ್ಯಾರೂ ಹೂಂ ಅಂದಾರ."

"ಕೊಟ್ಟುಬಿಡ್ರಿ," ಎಂದೆ ನಾನು. ಕಲ್ಲು ಮನೆ ಬಿಟ್ಟರೆ ಸಾಕಾಗಿತ್ತು.

"ಕೊಡ್ತೇನವ್ವಾ," ಎಂದರು ಇವರು. ಪುಣೆಯ ಮಾತು ಎತ್ತಲೇ ಇಲ್ಲ. "ಆದ್ರ ಅದು ಏನಂತ ಕೇಳಿ ಒಯ್ಯಿರಿ. ಮಧು ನನ್ನ ಕೇಳಿದ್ದ. ನನಗ ಇವತ್ತು ತಿಳೀತು." ಕೊಟ್ರಪ್ಪನನ್ನು ಕಲ್ಲಿನ ಹತ್ತಿರ ಕರೆದರು. "ನೀವು ಚೀಲದಾಗ ಇಳೀತೀರಿ. ಮ್ಯಾಲಿಂದ ಕಾಯಿ ಸುರೀತಾರ. ಅವಾಗ ಏನ್ ಮಾಡ್ತೀರಿ?"

"ತುಳ್ಕೋತ ತುಳ್ಕೋತ ಮ್ಯಾಲ ಬರ್ತೇನ್ರಿ. ಸುಮ್ನ ನಿಂತ್ರ ಕಾಯಾಗ ಮುಚ್ಚಿ ಹೋಗ್ತೇನಲ್ರೀ."

"ಇದೂ ಹಂಗ ಮಾಡೇತಿ. ಮರಳಾಗ ಒಂದು ಸಣ್ಣ ಜೀವ ಇತ್ತು. ತೆರಿ ಬಂದು ಒಮ್ಮೆಲೆ ಅದರ ಮ್ಯಾಲ ಮರಳು ಸುರೀತು. ಅದು ಜೀವ ಉಳಿಸ್ಕೊಳ್ಳಾಕ ಒದ್ದಾಡಿ ಮ್ಯಾಲ ಹತ್ತಾಕತ್ತಿತು. ಈ ಒಂದೊಂದು ಗೆರಿನೂ ಅದರ ಒಂದೊಂದು ಒದ್ದಾಟ."

ಕೊಟ್ರಪ್ಪನ ಕೆಂಪಡರಿದ ಬೆರಳು ಕೆಳಗಿನ ಗೆರೆಯಿಂದ ಮೇಲಕ್ಕೆ ಹತ್ತುತ್ತ ಹೋಯಿತು. ಕಲ್ಲಿನ ತುದಿ ಇನ್ನೂ ನಾಲ್ಕು ಬೆರಳಗಲ ದೂರ ಇರುವಾಗಲೇ ನಿಂತಿತು. ಅದರಾಚೆ ಬರೀ ಸಪಾಟು ಮರಳಿನ ಪದರು.

"ಚೀಲದ ಬಾಯಿತನಕ ಬಂದಿಲ್ರಿ ಇದು," ಎಂದ.

ಸುಳ್ಳಾದರೂ ಹೇಳಿ, ಬಂತು ಎನ್ನಿ ಎಂದು ನಾನು ಗಂಡನಿಗೆ ಕಣ್ಣಲ್ಲೇ ಅಂಗಲಾಚಿದೆ. ಅವರು ನನ್ನ ಕಡೆ ನೋಡಲೇ ಇಲ್ಲ. "ಇಲ್ಲ ಕೊಟ್ರಪ್ಪ. ಬರಲಿಲ್ಲ," ಎಂದರು.

ಗದಿಗೆವ್ವ ಕುಸಿದು ಕೂತು ಕಲ್ಲನ್ನು ತೊಡೆಯ ಮೇಲೆಳೆದುಕೊಂಡಳು. ಕೂಸಿನ ಬೆನ್ನು ಸವರುವ ಹಾಗೆ ಆ ಗೆರೆಗಳನ್ನು ಸವರಿದಳು. "ಯವ್ವಾ, ಎಷ್ಟು ಒದ್ದಾಡಿತೋ," ಎಂದು ಒಮ್ಮೆ ಬಾಯಿಬಿಟ್ಟು ಅತ್ತಳು. ನನಗೂ ತಡೆಯಲಾಗಲಿಲ್ಲ, ಅವಳ ಪಕ್ಕ ಕೂತು ಅತ್ತೆ.

"ಹೊತ್ತಾಗ್ತದ, ಏಳು," ಎಂದು ಕೊಟ್ರಪ್ಪ ಕಲ್ಲನ್ನೆತ್ತಲು ಬಾಗಿದ.

ಗದಿಗೆವ್ವ ಅವನ ಕೈ ತಳ್ಳಿದಳು. "ಒಲ್ಲೆ. ಇದನ್ನ ಮಣ್ಣಾಗ ಇಡೂದಿಲ್ಲ."

"ಮತ್ತ ಕುಣಿ?"

"ಬರೇ ಕುಣಿ ಮುಚ್ಚಿ ಬರ್ರಿ. ಇದು ಒಮ್ಮೆ ಮುಚ್ಚಿಸ್ಕೊಂಡೇತಿ, ಸಾಕು." ಸೆರಗಿನಿಂದ ಕಲ್ಲನ್ನೊರೆಸಿ ನನ್ನ ಕೈಗೆ ಕೊಟ್ಟಳು. "ಅಕ್ಕಾರ, ಕಿಡಕ್ಯಾಗ ಇಡ್ರಿ. ಗಾಳಿ ಆಡ್ಲಿ ಅದಕ್ಕ."

ನಾನು ಎದ್ದು ಕಿಟಕಿಯ ಎರಡೂ ಕದ ತೆರೆದೆ.