ಆರು ಅಂಕಿ

"ಕಣ್ಣು ತೆರೆದಿರಬೇಕು ಪುಟ್ಟಿ. ಇಲ್ಲಾಂದ್ರೆ ಅದು ಒಪ್ಕೊಳಲ್ಲ," ಎಂದು ಸೋದರಮಾವ ಪಿಸುಗುಟ್ಟಿದ.

ಮಗಳು ಫೋನನ್ನು ಸ್ಟ್ರೆಚರಿನ ಮೇಲಿದ್ದ ಅಮ್ಮನ ಮುಖದೆದುರು ಇನ್ನಷ್ಟು ಹತ್ತಿರ ಹಿಡಿದಳು. ಮುಖ ಗುರುತು ಸಿಗಲಿಲ್ಲ ಎಂದಿತು ಪರದೆ. ಇದು ಮೂರನೇ ಸಲ. ಮಾವನ ಬೆರಳು ರೆಪ್ಪೆಯತ್ತ ಹೋಯಿತು.

"ಮುಟ್ಟಬೇಡ ಮಾವ."

ಚಿತಾಗಾರದ ಗುಮಾಸ್ತ ಗಾಜಿನ ಹಿಂದಿನಿಂದ ಮತ್ತೆ ಅದನ್ನೇ ಹೇಳಿದ. "ತೀರಿಕೊಂಡವರ ಫೋನಿಗೆ ಆರು ಅಂಕಿ ಬಂದಿರುತ್ತೆ. ಅದನ್ನ ಹೇಳಿದ್ರೆ ಇವತ್ತೇ ಮುಗಿಯುತ್ತೆ. ಇಲ್ಲಾಂದ್ರೆ ಮೂರು ದಿನ ಆದ್ಮೇಲೆ ತಾನಾಗೇ ಅನುಮತಿ ಬರುತ್ತೆ."

"ಸತ್ತೋರ ಫೋನಿಗೆ ಕಳಿಸೋ ಬುದ್ಧಿ ಯಾವ ಪುಣ್ಯಾತ್ಮಂದಪ್ಪಾ?" ಎಂದು ಮಾವ ರೇಗಿದ.

ಮಗಳು ಸ್ಟ್ರೆಚರಿನತ್ತ ನೋಡಿದಳು. "ಅಮ್ಮಂದು."

ಮಾವ ಅಮ್ಮನ ಮೇಲಿನ ಬಟ್ಟೆಯನ್ನು ಎಳೆದು ಸರಿಮಾಡಿದ.

*

ಹನ್ನೆರಡು ವರ್ಷದ ಹಿಂದೆ ಒಬ್ಬ ಮುದುಕ ಅಮ್ಮನ ಕಚೇರಿಗೆ ಬಂದು ತನ್ನದೇ ಮರಣಪತ್ರವನ್ನು ಮೇಜಿನ ಮೇಲಿಟ್ಟಿದ್ದ. ಮನೆಯ ಆಸೆಗೆ ತಮ್ಮಂದಿರು ಅವನನ್ನು ಕಾಗದದ ಮೇಲೆ ಕೊಂದಿದ್ದರು. ಸರ್ಕಾರಿ ಸೇವೆಗಳನ್ನೆಲ್ಲ ಕಂಪ್ಯೂಟರಿಗೆ ತರುವ ನೀತಿ ಬರೆಯುತ್ತಿದ್ದ ಅಮ್ಮ ಅಂದು ಊಟಕ್ಕೆ ಕೂತವಳೇ ಹೇಳಿದಳು:

"ಒಬ್ಬರು ಸತ್ರು ಅಂತ ಬರೆಯೋಕೆ ಮುಂಚೆ ಅವರನ್ನೇ ಒಂದು ಮಾತು ಕೇಳಬೇಕು."

"ನಿಜವಾಗ್ಲೂ ಸತ್ತಿದ್ರೆ?" ಎಂದಳು ಆಗ ಹೈಸ್ಕೂಲಿನಲ್ಲಿದ್ದ ಮಗಳು.

ಅಮ್ಮನ ಕೈಯ ತುತ್ತು ಅಲ್ಲೇ ನಿಂತಿತು. ಮರುದಿನ ನಿಯಮಕ್ಕೊಂದು ಹಳದಿ ಕಾಗದದ ಅರ್ಜಿ ಸೇರಿತು. ಇಬ್ಬರು ವೈದ್ಯರ ಸಹಿಯಿದ್ದರೆ ಸಾಕು, ಅಂಕಿ ಬೇಡ.

ಆಮೇಲೆ ಅಮ್ಮನ ಸಹಾಯಕನೇ ನಿರ್ದೇಶಕನಾದ. ನೂರಕ್ಕೆ ನೂರು ಡಿಜಿಟಲ್ ಎಂದು ತೋರಿಸಲು ಹಳದಿ ಅರ್ಜಿಯನ್ನು ಕಿತ್ತುಹಾಕಿದ. ಅಮ್ಮ ಹನ್ನೊಂದು ಪತ್ರ ಬರೆದಳು. ಉತ್ತರ ಬರಲಿಲ್ಲ, ಬೀಳ್ಕೊಡುಗೆಯ ಗಡಿಯಾರ ಬಂತು. ಅದು ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತಿತ್ತು. ಅಮ್ಮ ಪ್ರತಿ ಬೆಳಿಗ್ಗೆ ಬೈಯುತ್ತಲೇ ಅದನ್ನು ಸರಿಮಾಡುತ್ತಿದ್ದಳು.

*

ನಿರ್ದೇಶಕ ಬಂದಾಗ ಮಗಳು ಚಿತಾಗಾರದ ಉದ್ದ ಕೋಣೆಯಲ್ಲಿ ಶತಪಥ ಹಾಕುತ್ತಿದ್ದಳು. ಬೆಂಚಿನ ತುದಿಯಲ್ಲಿ ವಯಸ್ಸಾದ ಬಸ್ ಡ್ರೈವರೊಬ್ಬ ಸಮವಸ್ತ್ರದಲ್ಲೇ ಕೂತಿದ್ದ.

"ನೀವು ಯಾವಾಗಿಂದ ಕಾಯ್ತಿದೀರಿ?" ಎಂದು ಅವಳು ಅವನನ್ನು ಕೇಳಿದಳು.

"ನಿನ್ನೆ ಬೆಳಿಗ್ಗೆಯಿಂದ ಕಣಮ್ಮ. ನಮ್ಮೋಳಿಗೆ ಫೋನೇ ಇರ್ಲಿಲ್ಲ. ದಾಖಲೆಗೆ ಅಂತ ಯಾರದೋ ನಂಬರ್ ಕೊಟ್ಟಿದ್ಲು. ಆ ಪುಣ್ಯಾತ್ಮ ಎತ್ತೋದೇ ಇಲ್ಲ." ಶೀತಲ ಕೋಣೆಯ ಬಾಗಿಲನ್ನು ಅವನು ಗಲ್ಲದಿಂದಲೇ ತೋರಿಸಿದ. "ಚಳಿ ಅಂದ್ರೆ ಆಗ್ತಿರ್ಲಿಲ್ಲ ಅವಳಿಗೆ."

ನಿರ್ದೇಶಕ ಅಮ್ಮನ ಕಾಲ ಬಳಿ ತುಸು ಹೊತ್ತು ನಿಂತ. ಅವನ ಕಣ್ಣು ನಿಜವಾಗಿಯೂ ಕೆಂಪಾಗಿತ್ತು.

"ಕೆಲಸ ಕಲಿಸಿದವರು. ಅವರನ್ನ ಕಾಯಿಸೋದು ಬೇಡಮ್ಮ. ನಾನು ಒಂದು ಫೋನ್ ಮಾಡಿದ್ರೆ ಒಳಗಿಂದಲೇ ಅನುಮತಿ ಕೊಡ್ತಾರೆ. ಐದು ನಿಮಿಷ."

"ಇವರದ್ದು?"

ನಿರ್ದೇಶಕ ಡ್ರೈವರನನ್ನು ನೋಡಿದ, ಕೈಗಡಿಯಾರ ನೋಡಿದ. "ಒಬ್ಬರಿಗಾದ್ರೆ ವಿಶೇಷ ಪ್ರಕರಣ ಅಂತ ಬರೀಬಹುದು. ಎಲ್ಲರಿಗೂ ಅಂದ್ರೆ ನಿಯಮಾನೇ ಬದಲಾಯಿಸ್ಬೇಕಾಗುತ್ತೆ."

"ಹೂಂ ಅನ್ನು ಪುಟ್ಟಿ," ಮಾವ ಅವಳ ತೋಳು ಹಿಡಿದ. "ಜನ ಬಂದು ನಿಂತಿದಾರೆ. ನಿಮ್ಮಮ್ಮನ್ನ ಮೂರು ದಿನ ಐಸ್ ಪೆಟ್ಟಿಗೇಲಿ ಇಡ್ತೀಯಾ?"

ಹಿಂದೆ ಹಳದಿ ಅರ್ಜಿ ದಾಟಿಸಲು ಗಾಜಿನಡಿ ಒಂದು ಕಂಡಿ ಇತ್ತು. ಅದಕ್ಕೆ ಹಲಗೆ ಬಡಿದು ಬಣ್ಣ ಹಚ್ಚಿದ್ದರು. ಅವಳ ಕೈಯಲ್ಲಿ ಅಮ್ಮನ ಫೋನು ಒಮ್ಮೆ ಬೆಳಗಿ ಆರಿತು.

ನಿರ್ದೇಶಕ ಆಗಲೇ ತನ್ನ ಫೋನನ್ನು ಕಿವಿಗೆ ಹಿಡಿದಿದ್ದ. "ಹೇಳ್ಲಾ?"

ಅವಳು ಡ್ರೈವರನ ಪಕ್ಕ ಬೆಂಚಿನ ಮೇಲೆ ಕೂತಳು.

"ಬೇಡ."