ಲಿಯರಿ ಗಾಂಜಾ ಬಿಟ್ಟ ವರ್ಷ

ನನ್ನ ತಮ್ಮ ಲಿಯರಿ ಗಾಂಜಾ ಬಿಟ್ಟಿದ್ದು ಯಾರ ಬುದ್ಧಿಮಾತಿಗೂ ಅಲ್ಲ. ಹಿಡಿದದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ. ಅಮ್ಮ ಅತ್ತಳು, ಹೆಂಡತಿ ಬಿಟ್ಟುಹೋದಳು, ಪಾದ್ರಿಗಳು ಮನೆಗೇ ಬಂದು ಕೂತರು. ಯಾವುದೂ ನಾಟಲಿಲ್ಲ. ನಲವತ್ತೊಂದನೇ ವಯಸ್ಸಿನಲ್ಲಿ ಬಿಡಿಸಿದ್ದು ಒಂದು ಪ್ಯಾನ್.

ಅವನು ಪ್ಯಾನ್‌ಗಳಿಗೆ ಶ್ರುತಿ ಕೂರಿಸುವವನು. ಪ್ಯಾನ್ ಅಂದರೆ ಕೋಲಿನಿಂದ ಬಾರಿಸುವ ಉಕ್ಕಿನ ವಾದ್ಯ. ಎಣ್ಣೆ ಪೀಪಾಯಿಯ ತಳ ತಗ್ಗಿಸಿ, ಒಂದೊಂದು ಸ್ವರಕ್ಕೂ ಒಂದೊಂದು ಉಬ್ಬು ಎಬ್ಬಿಸಿ, ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಸರಿಹೊಂದಿಸುವ ಕೆಲಸ. ಬೆಲ್ಮಂಟ್‌ನ ನಮ್ಮ ವಾದ್ಯತಂಡದ ನೂರು ಪ್ಯಾನ್‌ಗಳೂ ಅವನ ಕೈಯಲ್ಲೇ ಪಳಗಿದವು. ಕಾರ್ನಿವಲ್ ಸ್ಪರ್ಧೆಗೆ ಒಂಬತ್ತು ದಿನ ಇದ್ದಾಗ, ಅವನ ಗುರು ಸಾಯುವ ಮುಂಚೆ ಮಾಡಿದ್ದ ಹಳೆಯ ಪ್ಯಾನ್ ಒಂದು ಅವನ ಮುಂದೆ ಬಂತು. ಬೆಳಗ್ಗೆ ಅದರ ಒಂದು ಸ್ವರ ಸರಿಮಾಡಿದ. ಹೊರಗೆ ಹೋಗಿ ಸೇದಿ ಬಂದ. ಮಾಡಿದ್ದು ಮರೆತು ಅದನ್ನೇ ಮತ್ತೆ ಬಡಿದ. ಊಟ ಆದಮೇಲೆ ಮೂರನೆಯ ಸಲ. ತಗಡು ಸೀಳಿಹೋಯಿತು.

ತಂಡದ ಯಜಮಾನಿ ಹಯಸಿಂತ್ ಬೈಯಲಿಲ್ಲ. "ಮನೆಗ್ ಹೋಗು ಲಿಯರಿ. ಉಳಿದಿದ್ದನ್ನ ಬೇರೆಯವ್ರ ಕೈಲಿ ಮಾಡಿಸ್ತೀನಿ," ಅಂದಳು.

ಮನೆಗೆ ಬಂದವನು ಸೊಪ್ಪಿನ ಡಬ್ಬಿಯನ್ನು ಕಕ್ಕಸಿಗೆ ಸುರಿದ. ಹೊಗೆ ಹೋದರೆ ತಲೆ ತಿಳಿಯಾಗುತ್ತದೆ ಅಂತ ನಾನೂ ನಂಬಿದ್ದೆ, ಅವನೂ ನಂಬಿದ್ದ.

ಆಗಲಿಲ್ಲ. ಮೊದಲ ವಾರ ಹಾಸಿಗೆಯೆಲ್ಲ ಬೆವರು, ತಟ್ಟೆಯ ಉಪ್ಪುಮೀನು ಮುಟ್ಟಲಿಲ್ಲ. ಎರಡನೆಯ ವಾರ ಉಪ್ಪು ತಾ ಅಂದರೆ ಬೆಂಕಿಪೊಟ್ಟಣ ತಂದ. ಪ್ಯಾನ್ ಮುಂದೆ ಕೂತರೆ ಇನ್ನೂ ಕಷ್ಟ: ಕೋಲಿನಿಂದ ಸ್ವರ ಬಾರಿಸಿ, ಕೋಲು ಕೆಳಗಿಟ್ಟು ಸುತ್ತಿಗೆ ಎತ್ತಿಕೊಳ್ಳುವಷ್ಟರಲ್ಲಿ ಕೇಳಿದ ಸ್ವರ ತಲೆಯಿಂದ ಜಾರಿಹೋಗುತ್ತಿತ್ತು.

"ಅಕ್ಕ, ಸೇದ್ತಿದ್ದಾಗ್ಲೇ ಚೆನ್ನಾಗಿದ್ದೆ," ಅಂದ. "ಈಗ ಮಾತು ಕೇಳ್ತಾ ಕೇಳ್ತಾನೇ ಎಲ್ಲೋ ಹೋಗ್ಬಿಡ್ತೀನಿ."

"ಆಗ್ಲೂ ಹೋಗ್ತಿದ್ದೆ ಕಣೋ. ಹೋಗಿದ್ದು ನಿಂಗೆ ಗೊತ್ತಾಗ್ತಿರ್ಲಿಲ್ಲ, ಅಷ್ಟೆ."

ಆರನೆಯ ವಾರ ಅವನ ಹಳೆಯ ಗೆಳೆಯ ಸೆಲ್ವಿನ್ ಬಂದು ಮೆಟ್ಟಿಲ ಮೇಲೆ ಕೂತ. "ಒಂದೇ ಒಂದು ದಮ್ಮು ಎಳಿಯೋ. ಕಿವಿ ತಾನಾಗೇ ತೆರ್ಕೊಳುತ್ತೆ. ನಿಮ್ಮಕ್ಕನ ಸೂಪು ಕುಡ್ಕೊಂಡು ಕೂತ್ರೆ ಕಿವುಡಾಗೋದೇ ಗತಿ."

"ನನ್ನ ಸೂಪಿನ ಸುದ್ದಿಗೆ ಬರ್ಬೇಡ. ವಾರಕ್ಕೆರಡು ಸಲ ಅದನ್ನ ನೆಕ್ಕೋಕೇ ತಾನೇ ನೀನು ಬರೋದು?" ಅಂದೆ.

ಲಿಯರಿ ಕೈ ಚಾಚಿದ. ತಡೆಯಬೇಕಿತ್ತು, ತಡೆಯಲಿಲ್ಲ. ನಿಜ ಹೇಳುತ್ತೇನೆ, ಆರು ವಾರದ ಆ ಸಿಡುಕು, ಆ ಖಾಲಿ ಮುಖ ನನಗೂ ಸಾಕಾಗಿತ್ತು. ಅವನು ಸೇದಿದ. ಹಿತ್ತಲಿಗೆ ಹೋಗಿ ಸಂಜೆಯವರೆಗೆ ಒಂದು ಪ್ಯಾನ್ ತಟ್ಟಿದ. "ಬಂತು ಅಕ್ಕ, ಎಲ್ಲಾ ವಾಪಸ್ ಬಂತು," ಅಂತ ನಗುತ್ತ ಒಳಗೆ ಬಂದ. ಆ ನಗು ನೋಡಿ ಎಷ್ಟು ದಿನವಾಗಿತ್ತು.

ಬೆಳಗ್ಗೆ ಎದ್ದು ಅದೇ ಪ್ಯಾನ್ ಬಾರಿಸಿದ. ನಿಂತ. ಮತ್ತೆ ಬಾರಿಸಿದ. ಸ್ವರ ಕುಸಿದಿತ್ತು. ಬೇಕರಿಯಲ್ಲಿ ಹಿಟ್ಟು ನಾದುವ ನನಗೇ ಅದು ಕೇಳಿಸಿತು.

"ಇಷ್ಟು ವರ್ಷ ನಾನು ಹೀಗೇ ಮಾಡಿ ಕಳಿಸಿದ್ನಾ?" ಅಂದ.

ಅಂದಿನಿಂದ ಅವನು ಮತ್ತೆ ಮೊದಲಿನಿಂದ ಶುರುಮಾಡಿದ. ದಿನಾ ಚಹಾ ಆದಮೇಲೆ ನಾನು ಒಂದೇ ಸ್ವರವನ್ನು ಮತ್ತೆ ಮತ್ತೆ ಬಾರಿಸಬೇಕು, ಅವನು ಕಣ್ಣುಮುಚ್ಚಿ ಕೇಳಬೇಕು. ಮನಸ್ಸು ಜಾರಿದ ಕೂಡಲೇ ಕೈ ಎತ್ತುತ್ತಿದ್ದ, ಅಲ್ಲಿಗೆ ಆ ದಿನದ್ದು ಮುಗಿಯಿತು. ಮೊದಮೊದಲು ಏಳೆಂಟು ನಿಮಿಷ. ಕೆಲವು ದಿನ ಅದೂ ಇಲ್ಲ. ಸುತ್ತಿಗೆ ಬೇಲಿಗೆ ಎಸೆದು ಬೀದಿಗೆ ಇಳಿಯುತ್ತಿದ್ದ. ಸೆಲ್ವಿನ್ ಮನೆ ಕಡೆ ಹೋದನೋ ಏನೋ ಅಂತ ನಾನು ಕಿಟಕಿಯಲ್ಲೇ ನಿಲ್ಲುತ್ತಿದ್ದೆ. ಬಂದಾಗ ಬಟ್ಟೆ ಮೂಸುತ್ತಿದ್ದೆ. ಅವನು ಮೂಸಲು ಬಿಡುತ್ತಿದ್ದ. ಆಗಸ್ಟ್ ಹೊತ್ತಿಗೆ ಅರ್ಧ ಗಂಟೆ ಕೂರುವಂತಾದ.

ಅಕ್ಟೋಬರಿನಲ್ಲಿ ಹಯಸಿಂತಳ ಹತ್ತಿರ ಹೋಗಿ ಕೆಲಸ ಕೇಳಿದ.

"ಒಂದು ಕೊಡ್ತೀನಿ. ಆದ್ರೆ ಶ್ರುತಿ ಅಳೆಯೋ ಮಿಷನ್ ಇಟ್ಟು ನೋಡ್ತೀನಿ," ಅಂದಳು.

"ನೋಡ್ಲೇಬೇಕು," ಅಂದ ಲಿಯರಿ.

ಎರಡು ದಿನದ ಕೆಲಸಕ್ಕೆ ಹನ್ನೊಂದು ದಿನ ಹಿಡಿಯಿತು. ಹಯಸಿಂತ್ ಮಿಷನ್ ಇಟ್ಟು ಒಂದೊಂದೇ ಸ್ವರ ಬಾರಿಸಿದಳು. ಒಂದು ಮಾತ್ರ ಕೂದಲೆಳೆಯಷ್ಟು ಕೆಳಗಿತ್ತು.

"ಅದು ಗೊತ್ತು," ಅಂದ. "ಅಲ್ಲಿಗೆ ಬರೋ ಹೊತ್ತಿಗೆ ತಲೆ ನಿಂತೋಯ್ತು. ಸುತ್ತಿಗೆ ಕೆಳಗಿಟ್ಟೆ. ನಾಳೆ ಮಾಡ್ತೀನಿ."

ಹಯಸಿಂತ್ ಇನ್ನೆರಡು ಪ್ಯಾನ್ ಕೊಟ್ಟಳು. ಉಳಿದವು ಅವಳು ಸಾನ್ ಫರ್ನಾಂಡೊ ಊರಿಂದ ಕರೆಸಿದ್ದ ಶ್ರುತಿಗಾರನ ಪಾಲಾದವು. ಈ ಕಾರ್ನಿವಲ್‌ನಲ್ಲಿ ಲಿಯರಿ ವಾದ್ಯದ ಗಾಡಿ ತಳ್ಳುವವರ ಜೊತೆಗಿದ್ದ. ಯಾರೋ ಕೂಗಿ ಗೇಲಿ ಮಾಡಿದರು. ತಿರುಗಿ ನೋಡಲಿಲ್ಲ.

ಈಗ ಭಾನುವಾರಗಳಲ್ಲಿ, ಹಿಂದೆ ತಾನು ಮಾಡಿಕೊಟ್ಟ ಪ್ಯಾನ್ ಇರುವ ಮನೆಗಳಿಗೆ ಹೋಗುತ್ತಾನೆ. ಒಂದ್ಸಲ ಕೇಳಿಸಿ, ಕೆಟ್ಟಿದ್ರೆ ಸರಿಮಾಡ್ಕೊಡ್ತೀನಿ ಅನ್ನುತ್ತಾನೆ. ಕೆಲವರು ನಗುತ್ತಾರೆ, ಕೆಲವರು ಬಾಗಿಲು ಹಾಕಿಕೊಳ್ಳುತ್ತಾರೆ. ಮೊನ್ನೆ ತುನಪುನಾಕ್ಕೆ ಹೋದವನು ಒಂದನ್ನು ತಲೆಯ ಮೇಲೆ ಹೊತ್ತುಕೊಂಡು ಬಂದ. ಮುಖ ಬಾಡಿತ್ತು.

"ಎಷ್ಟು ಕೆಟ್ಟಿದೆ?" ಅಂದೆ.

"ಕೇಳ್ಬೇಡ," ಅಂದ. ಚಹಾ ಕುಡಿದ, ಹಿತ್ತಲಿಗೆ ಹೋಗಿ ಆ ಪ್ಯಾನ್ ಮುಂದೆ ಕೂತ.